ಸಿಂಗಪುರದ ಚೈನಾಟೌನ್: ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬ ಉಂಡು, ಬೀದಿ ಸುತ್ತುವುದು ಹೇಗೆ?

“ಚೈನಾಟೌನ್ ನೋಡಬೇಕು ಅಂತ ಇದೆ, ಆದರೆ ಅಲ್ಲಿ ನಮಗೆ ತಿನ್ನೋಕೆ ಏನು ಸಿಗುತ್ತೆ?” ಸಿಂಗಪುರಕ್ಕೆ ಹೊರಟು ನಿಂತವರು ಕೇಳುವ ಪ್ರಶ್ನೆ ವರ್ಷಗಳಿಂದ ಇದೊಂದೇ. ಎಷ್ಟೋ ಮಂದಿ ಪಗೋಡ ಸ್ಟ್ರೀಟಿನಲ್ಲಿ ನಾಲ್ಕು ಫೋಟೊ ತೆಗೆದು, ಫ್ರಿಜ್ಜಿಗೆ ಅಂಟಿಸುವ ಬೊಂಬೆ ಕೊಂಡು, ಊಟದ ಹೊತ್ತಿಗೆ ಮೆಟ್ರೊ ಹತ್ತಿ ಲಿಟಲ್ ಇಂಡಿಯಾಕ್ಕೆ ಹೋಗಿಬಿಡುತ್ತಾರೆ. ಇಷ್ಟು ದೂರ ಬಂದು ಅಲ್ಲಿಯ ಅಡುಗೆಯ ರುಚಿಯನ್ನೇ ನೋಡದೆ ಹೋಗುವುದು ನನಗೆ ನಿಜಕ್ಕೂ ಬೇಜಾರಿನ ಸಂಗತಿ. ಮಾಂಸ ತಿನ್ನುವವರಿಗಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವರಿಗೂ ಇಲ್ಲಿ ಒಳ್ಳೆಯ ಊಟವಿದೆ. ಕೇಳುವ ಬಗೆ ಗೊತ್ತಿರಬೇಕು, ಅಷ್ಟೆ.

ಜಾಗದ ಬಗ್ಗೆ ಎರಡು ಮಾತು. ಚೈನಾಟೌನ್ ಅನ್ನುವುದು ಹೊರಗಿನವರು ಕರೆದ ಹೆಸರು. ಮಲಯ ಭಾಷೆಯಲ್ಲಿ ಇದು ಕ್ರೇತಾ ಆಯರ್, ಚೀನೀ ಭಾಷೆಯಲ್ಲಿ ನ್ಯೂ ಚೆ ಶ್ವೇ. ಎರಡಕ್ಕೂ ಅರ್ಥ ಗಾಡಿಯಲ್ಲಿ ಬಂದ ನೀರು. ನಲ್ಲಿ ಇಲ್ಲದ ಕಾಲದಲ್ಲಿ ಈ ಕೇರಿಗೆ ಎತ್ತಿನ ಗಾಡಿಯಲ್ಲಿ ನೀರು ತಂದು ಹಂಚುತ್ತಿದ್ದರು. ಇಲ್ಲಿ ಬ್ರಿಟಿಷರ ನೆಲೆ ಹೂಡಿದ ಅಧಿಕಾರಿ ರಾಫಲ್ಸ್ 1822ರಲ್ಲಿ ಮಾಡಿಸಿದ ಪಟ್ಟಣದ ನಕ್ಷೆಯಲ್ಲಿ ಸಿಂಗಪುರ ನದಿಯ ತೆಂಕಣ ಬದಿಯನ್ನು ಚೀನೀಯರಿಗೆಂದು ಗುರುತು ಮಾಡಿದ್ದರು. ಹಾಗೆಂದು ಅಲ್ಲಿ ಚೀನೀಯರು ಮಾತ್ರ ಇರಲಿಲ್ಲ. ಅದನ್ನು ಏಳನೇ ಹಂತದಲ್ಲಿ ಹೇಳುತ್ತೇನೆ.

ಹೊರಡುವ ಮೊದಲು ಇವಿಷ್ಟು ಜೊತೆಗಿರಲಿ:

ಒಬ್ಬರಿಗೆ 25 ಸಿಂಗಪುರ ಡಾಲರ್ ನಗದು, ಅದೂ 2, 5, 10ರ ನೋಟುಗಳಲ್ಲಿ. ಸಣ್ಣ ಅಂಗಡಿಗಳಲ್ಲಿ ವಿದೇಶದ ಕಾರ್ಡು ನಡೆಯುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಬೆಳಗಿನ ತಿಂಡಿ, ಕಾಫಿ, ಮಧ್ಯಾಹ್ನದ ಊಟ, ಒಂದು ಸಿಹಿ, ರಾತ್ರಿಯ ಊಟ ಎಲ್ಲ ಸೇರಿ 15ರಿಂದ 20 ಡಾಲರಿನಲ್ಲಿ ಮುಗಿಯುತ್ತದೆ. ಡಾಲರಿಗೆ 70 ರೂಪಾಯಿ ಹಿಡಿದರೆ ದಿನಕ್ಕೆ 1,400 ರೂಪಾಯಿ ಮೀರದು.

ಎರಡು ಪೊಟ್ಟಣ ಟಿಶ್ಯೂ ಕಾಗದ. ಕೈ ಒರೆಸಲು ಅಂಗಡಿಯವರು ಏನೂ ಕೊಡುವುದಿಲ್ಲ. ಈ ಪೊಟ್ಟಣಕ್ಕೆ ಇನ್ನೂ ಒಂದು ಉಪಯೋಗವಿದೆ, ಮೂರನೇ ಹಂತದಲ್ಲಿ ನೋಡಿ.

ನೀರಿನ ಬಾಟಲಿ. ಸಿಂಗಪುರದಲ್ಲಿ ನಲ್ಲಿ ನೀರನ್ನೇ ಕುಡಿಯಬಹುದು, ಕೊಳ್ಳಬೇಕಾಗಿಲ್ಲ. ಜೊತೆಗೊಂದು ಕೊಡೆ, ಮಧ್ಯಾಹ್ನದ ಮಳೆ ಹೇಳದೆ ಕೇಳದೆ ಸುರಿಯುತ್ತದೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಂಡರೆ ಗುಡಿಗಳ ಬಾಗಿಲಲ್ಲಿ ತೊಂದರೆಯಾಗದು.

ಹಂತ 1: ದಿನ ಮತ್ತು ಹೊತ್ತು ಆರಿಸಿಕೊಳ್ಳಿ

ಬೆಳಗ್ಗೆ ಎಂಟರೊಳಗೆ ತಲುಪಿದರೆ ಅರ್ಧ ಕೆಲಸ ಆದಂತೆ. ತಿಂಡಿ ಅಂಗಡಿಗಳಲ್ಲಿ ಒಳ್ಳೆಯವು ಬೆಳಗ್ಗೆ ಬೇಗ ತೆರೆದು ಮಧ್ಯಾಹ್ನದ ಹೊತ್ತಿಗೆ ಪಾತ್ರೆ ತೊಳೆದಿಡುತ್ತವೆ. 12ರಿಂದ 1.30ರವರೆಗೆ ಸುತ್ತಲಿನ ಆಫೀಸುಗಳವರೆಲ್ಲ ಊಟಕ್ಕೆ ಇಳಿಯುತ್ತಾರೆ. ಆಗ ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಜಾಗ ಹುಡುಕುವುದು ಕಷ್ಟ. 11.15ಕ್ಕೇ ಊಟಕ್ಕೆ ಕೂತುಬಿಡಿ, ಇಲ್ಲವೇ ಎರಡರ ಮೇಲೆ ಹೋಗಿ.

ಇಲ್ಲಿ ಜನ ಎಡವುವುದು ಎರಡು ಕಡೆ. ಸೋಮವಾರ, ಮಂಗಳವಾರ ರಜೆ ಮಾಡುವ ಅಂಗಡಿಗಳು ಬಹಳ. ಒಂದೇ ಅಂಗಡಿಯ ಹೆಸರು ಬರೆದುಕೊಂಡು ಆ ದಿನ ಹೋದರೆ ಮುಚ್ಚಿದ ಬಾಗಿಲು ನೋಡಿ ಬರಬೇಕಾದೀತು. ಎರಡನೆಯದು ಚೀನೀ ಹೊಸವರ್ಷ, ಅಂದರೆ ಜನವರಿ ಕೊನೆಯಿಂದ ಫೆಬ್ರವರಿ ನಡುವಿನ ಹಬ್ಬ. ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ದೀಪದ ಅಲಂಕಾರ, ರಾತ್ರಿ ಸಂತೆ, ನೂಕುನುಗ್ಗಲು ಎಲ್ಲವೂ ಚೆನ್ನ. ಹಬ್ಬದ ದಿನಗಳಲ್ಲಿ ಮಾತ್ರ ಅಡುಗೆಯವರೆಲ್ಲ ಮನೆಯಲ್ಲಿರುತ್ತಾರೆ, ಬೀದಿ ಭಣಭಣ. ಟಿಕೆಟ್ ಮಾಡಿಸುವ ಮೊದಲು ತಾರೀಕು ನೋಡಿಕೊಳ್ಳಿ.

ಹಂತ 2: ತಲುಪುವುದು

ಲಿಟಲ್ ಇಂಡಿಯಾದಲ್ಲಿ ಉಳಿದಿದ್ದರೆ ನೇರಳೆ ಬಣ್ಣದ ನಾರ್ತ್ ಈಸ್ಟ್ ಲೈನ್ ಹತ್ತಿ, ಮೂರನೇ ನಿಲ್ದಾಣವೇ ಚೈನಾಟೌನ್. ವಿಮಾನ ನಿಲ್ದಾಣದಿಂದ ನೇರ ಬರುವವರು ಎಕ್ಸ್‌ಪೊ ನಿಲ್ದಾಣದಲ್ಲಿ ಇಳಿದು ನೀಲಿ ಬಣ್ಣದ ಡೌನ್‌ಟೌನ್ ಲೈನ್‌ಗೆ ಬದಲಾಯಿಸಿಕೊಳ್ಳಬೇಕು. ನಿಲ್ದಾಣದೊಳಗೆ ‘ಎ’ ಎಂದು ಬರೆದ ದಾರಿ ಹಿಡಿದರೆ ಮೇಲೆ ಬರುವುದೇ ಪಗೋಡ ಸ್ಟ್ರೀಟಿನ ಬಾಯಿಗೆ. ಮುಂದಿನ ಹಂತದಲ್ಲಿ ಹೇಳುವ ಮ್ಯಾಕ್ಸ್‌ವೆಲ್ ಫುಡ್ ಸೆಂಟರಿಗೆ ಮಾತ್ರ ಹೋಗುವವರಿಗೆ 2022ರ ನವೆಂಬರಿನಿಂದ ಅದರ ಎದುರಿಗೇ ಮ್ಯಾಕ್ಸ್‌ವೆಲ್ ಎಂಬ ಬೇರೆ ನಿಲ್ದಾಣವಿದೆ.

ಮೆಟ್ರೊ ಒಳಗೆ ತಿನ್ನುವುದು, ಕುಡಿಯುವುದು ಎರಡೂ ನಿಷಿದ್ಧ. ಮಗುವಿಗೆ ಬಿಸ್ಕತ್ತು ಕೊಡುವುದಿದ್ದರೂ ಹೊರಗೇ ಕೊಟ್ಟು ಒಳಗೆ ಹೋಗಿ.

ಹಂತ 3: ಹಾಕರ್ ಸೆಂಟರಿನ ರೀತಿ ತಿಳಿದುಕೊಳ್ಳಿ

ಹಾಕರ್ ಎಂದರೆ ಬೀದಿಯಲ್ಲಿ ಮಾರುವವರು. ಹಿಂದೆ ಈ ಕೇರಿಯ ಬೀದಿಬೀದಿಯಲ್ಲೂ ಕೈಗಾಡಿ ಇಟ್ಟುಕೊಂಡು ಅಡುಗೆ ಮಾಡುತ್ತಿದ್ದರು. 1970, 80ರ ದಶಕಗಳಲ್ಲಿ ಸರ್ಕಾರ ಅವರನ್ನೆಲ್ಲ ನೀರು, ಚರಂಡಿ, ಛಾವಣಿ ಇರುವ ಕಟ್ಟಡಗಳಿಗೆ ಸೇರಿಸಿತು. ಅವೇ ಹಾಕರ್ ಸೆಂಟರುಗಳು. ಆದ್ದರಿಂದ ಹೊರಗೆ ಬೀದಿಯಲ್ಲಿ ಗಾಡಿ ಹುಡುಕಬೇಡಿ. ಬೀದಿಯ ಅಡುಗೆ ಈಗ ಮಹಡಿ ಹತ್ತಿದೆ. ಈ ಹಾಕರ್ ಸಂಸ್ಕೃತಿಯನ್ನು 2020ರ ಡಿಸೆಂಬರಿನಲ್ಲಿ ಯುನೆಸ್ಕೊ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿಕೊಂಡಿತು.

ನಿಮಗೆ ಬೇಕಾದವು ಎರಡು. ಸ್ಮಿತ್ ಸ್ಟ್ರೀಟಿನ ಚೈನಾಟೌನ್ ಕಾಂಪ್ಲೆಕ್ಸ್: ಕೆಳಗೆ ತರಕಾರಿ, ಮೀನಿನ ಮಾರುಕಟ್ಟೆ, ಎರಡನೇ ಮಹಡಿಯಲ್ಲಿ ಇನ್ನೂರಕ್ಕೂ ಮಿಕ್ಕಿ ಅಡುಗೆ ಅಂಗಡಿಗಳು. ಇಡೀ ದೇಶದಲ್ಲಿ ಇದೇ ದೊಡ್ಡ ಹಾಕರ್ ಸೆಂಟರ್. ಇನ್ನೊಂದು, ಐದಾರು ನಿಮಿಷದ ನಡಿಗೆಯಲ್ಲಿರುವ ಮ್ಯಾಕ್ಸ್‌ವೆಲ್, ಸುಮಾರು ನೂರು ಅಂಗಡಿಗಳದ್ದು. ಮ್ಯಾಕ್ಸ್‌ವೆಲ್‌ನಲ್ಲಿ ಪ್ರವಾಸಿಗಳು ಹೆಚ್ಚು, ಇಂಗ್ಲಿಷ್ ಸಲೀಸು. ಕಾಂಪ್ಲೆಕ್ಸಿನಲ್ಲಿ ಅದೇ ಕೇರಿಯ ಅಜ್ಜ ಅಜ್ಜಿಯರು ಹೆಚ್ಚು, ಬೆಲೆ ಒಂದಿಷ್ಟು ಕಡಿಮೆ. ಒಂದಕ್ಕೇ ಸಮಯವಿದ್ದರೆ ಕಾಂಪ್ಲೆಕ್ಸಿಗೆ ಹೋಗಿ ಎನ್ನುತ್ತೇನೆ. ಹಳೆಯ ಬರಹಗಳಲ್ಲಿ ‘ಚೈನಾಟೌನ್ ಫುಡ್ ಸ್ಟ್ರೀಟ್’ ಎಂಬ ಗಾಜಿನ ಛಾವಣಿಯ ಬೀದಿಯನ್ನು ಹೊಗಳಿರುತ್ತಾರೆ. ಅದು 2021ರಲ್ಲೇ ಮುಚ್ಚಿತು, ಹುಡುಕಿಕೊಂಡು ಅಲೆಯಬೇಡಿ.

ಅಂಗಡಿಗಳಿಗೆ ಹೆಸರಿಗಿಂತ ನಂಬರೇ ಮುಖ್ಯ. 02-100 ಎಂದರೆ ಎರಡನೇ ಮಹಡಿಯ ನೂರನೇ ಅಂಗಡಿ. ಒಳಗಿನ ಸಾಲುಗಳೆಲ್ಲ ಒಂದೇ ತರಹ ಕಾಣುವುದರಿಂದ, ಇಷ್ಟವಾದ ಅಂಗಡಿಯ ನಂಬರನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಇನ್ನು ಊಟದ ಕ್ರಮ. ಮೊದಲು ಮೇಜು ಹಿಡಿಯಬೇಕು. ಮೇಜಿನ ಮೇಲೆ ಒಂದು ಟಿಶ್ಯೂ ಪೊಟ್ಟಣ ಇಟ್ಟು ಹೋದರೆ ಆ ಜಾಗ ನಿಮ್ಮದು. ಇದಕ್ಕೆ ಇಲ್ಲಿಯವರ ಮಾತು ‘ಚೋಪ್’, ನಮ್ಮ ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ. ಖಾಲಿ ಮೇಜಿನ ಮೇಲೆ ಪೊಟ್ಟಣ, ಕೊಡೆ ಅಥವಾ ಆಫೀಸಿನ ಐಡಿ ಕಾರ್ಡು ಕಂಡರೆ ಯಾರೋ ಮರೆತು ಹೋಗಿದ್ದಾರೆ ಎಂದುಕೊಂಡು ಕೂರಬೇಡಿ. ಒಂದೇ ಮೇಜಿಗೆ ಅಪರಿಚಿತರು ಬಂದು ಕೂರುವುದು ಸಹಜ. ತಲೆ ಆಡಿಸಿದರೆ ಸಾಕು.

ಆಮೇಲೆ ಸಾಲಿನಲ್ಲಿ ನಿಂತು ಹೇಳಿ, ದುಡ್ಡು ಕೊಟ್ಟು, ತಟ್ಟೆಯನ್ನು ನೀವೇ ಎತ್ತಿಕೊಂಡು ಬನ್ನಿ. ಅಂಗಡಿಯವರನ್ನು ಅಂಕಲ್, ಆಂಟಿ ಎಂದೇ ಕರೆಯುವುದು ಇಲ್ಲಿಯ ರೂಢಿ. ಹಿಂದೆ ಜನ ನಿಂತಿರುವಾಗ ಇದರಲ್ಲೇನಿದೆ, ಅದರಲ್ಲೇನಿದೆ ಎಂದು ಹತ್ತು ಪ್ರಶ್ನೆ ಕೇಳಿದರೆ ಆಂಟಿಯ ದನಿ ಏರುತ್ತದೆ. ಅದು ಸಿಟ್ಟಲ್ಲ, ಅವಸರ. ಸಾಲಿನಲ್ಲಿ ನಿಂತಾಗಲೇ ಗೋಡೆಯ ಚಿತ್ರ ನೋಡಿ ತೀರ್ಮಾನ ಮಾಡಿಕೊಂಡಿರಿ. ಪಾರ್ಸೆಲ್ ಬೇಕಿದ್ದರೆ ‘ದಾ ಪಾವ್’ ಎನ್ನಿ.

ಉಂಡ ಮೇಲೆ ತಟ್ಟೆ ಎತ್ತುವುದನ್ನು ಮರೆಯಲೇಬೇಡಿ. 2021ರ ಸೆಪ್ಟೆಂಬರಿನಿಂದ ಇದು ಕಾನೂನು. ಮೊದಲ ಸಲ ಎಚ್ಚರಿಕೆ, ಮತ್ತೆ ಸಿಕ್ಕಿಬಿದ್ದರೆ 300 ಡಾಲರ್ ದಂಡ. ಬಳಸಿದ ಟಿಶ್ಯೂವನ್ನೂ ಮೇಜಿನ ಮೇಲೆ ಬಿಡುವಂತಿಲ್ಲ. ತಟ್ಟೆ ಇಡುವ ಕಪಾಟುಗಳಲ್ಲಿ ಹಲಾಲ್ ಊಟದ ತಟ್ಟೆಗಳಿಗೆ ಪ್ರತ್ಯೇಕ ಜಾಗವಿರುತ್ತದೆ, ಬೋರ್ಡು ಓದಿ ಇಡಿ. ತಪ್ಪಾದರೆ ಇನ್ನೊಬ್ಬರ ಮಡಿ ಕೆಟ್ಟಂತೆ.

ಹಂತ 4: ಕಾಫಿ ಕೇಳಲು ಕಲಿಯಿರಿ

ಬೆಳಗ್ಗೆ ಕಾಫಿ ಬೀಳದೆ ನಮ್ಮವರ ಕಾಲು ಓಡುವುದಿಲ್ಲವಾದ್ದರಿಂದ ಇದನ್ನು ಊಟಕ್ಕಿಂತ ಮೊದಲೇ ಹೇಳುತ್ತಿದ್ದೇನೆ. ಇಲ್ಲಿಯ ಕಾಫಿ ‘ಕೋಪಿ’. ಬೀಜವನ್ನು ಸಕ್ಕರೆ, ಬೆಣ್ಣೆ ಅಥವಾ ಮಾರ್ಗರಿನ್ ಹಾಕಿ ಕಪ್ಪಗೆ ಹುರಿಯುತ್ತಾರೆ. ಪುಡಿಯನ್ನು ಕಾಲುಚೀಲದಂತಹ ಉದ್ದನೆಯ ಬಟ್ಟೆಯ ಸೋಸಣಿಗೆಗೆ ತುಂಬಿ, ಉದ್ದ ಕೊಕ್ಕಿನ ಕೊಡದಲ್ಲಿ ಮುಳುಗಿಸಿ, ಮೇಲಿಂದ ಕುದಿನೀರು ಹುಯ್ಯುತ್ತಾರೆ. ಕಾಂಪ್ಲೆಕ್ಸಿನ ಕಾಫಿ ಅಂಗಡಿಯ ಮುಂದೆ ಒಂದು ನಿಮಿಷ ನಿಂತು ನೋಡಿ. ಅಂಕಲ್ ಮೊದಲು ಪಿಂಗಾಣಿ ಲೋಟಕ್ಕೆ ಬಿಸಿನೀರು ಹುಯ್ದು ಚೆಲ್ಲುತ್ತಾರೆ, ತಳಕ್ಕೆ ಎರಡು ಚಮಚ ಮಂದ ಹಾಲು ಬಿಡುತ್ತಾರೆ, ಕೊಡವನ್ನು ಎದೆಯೆತ್ತರಕ್ಕೆ ಎತ್ತಿ ಕಪ್ಪು ಡಿಕಾಕ್ಷನ್ನನ್ನು ಒಂದೇ ಎಳೆಯಲ್ಲಿ ಇಳಿಸುತ್ತಾರೆ, ಕೊನೆಗೆ ಕುದಿನೀರಿನಿಂದ ಹದ ಮಾಡುತ್ತಾರೆ. ಒಂದು ಹನಿ ಬಸಿಗೆ ಬೀಳುವುದಿಲ್ಲ.

‘ಕೋಪಿ’ ಎಂದಷ್ಟೇ ಹೇಳಿದರೆ ಬರುವುದು ಸಿಹಿ ಸೇರಿದ ಮಂದ ಹಾಲಿನ ಕಾಫಿ, ಅಂದರೆ ಮಿಲ್ಕ್‌ಮೇಡ್ ತರಹದ್ದು. ‘ಕೋಪಿ ಸಿ’ ಎಂದರೆ ಸಿಹಿ ಸೇರಿಸದೆ ಬತ್ತಿಸಿದ ಹಾಲು, ಬೇರೆಯಾಗಿ ಸಕ್ಕರೆ. ‘ಕೋಪಿ ಓ’ ಎಂದರೆ ಹಾಲಿಲ್ಲದ್ದು, ಸಕ್ಕರೆ ಇರುತ್ತದೆ. ಕೊನೆಗೆ ‘ಕೊಸೊಂಗ್’ ಸೇರಿಸಿದರೆ ಸಕ್ಕರೆ ಬೇಡ ಎಂದರ್ಥ. ಮಲಯದಲ್ಲಿ ಆ ಮಾತಿಗೆ ಸೊನ್ನೆ, ಖಾಲಿ ಎಂಬ ಅರ್ಥವಿದೆ. ‘ಸ್ಯೂ ದಾಯ್’ ಎಂದರೆ ಸಿಹಿ ಕಡಿಮೆ. ‘ಗಾವ್’ ಎಂದರೆ ಸ್ಟ್ರಾಂಗ್. ‘ಪೆಂಗ್’ ಎಂದರೆ ಐಸ್ ಹಾಕಿದ್ದು. ಚಹಾ ಬೇಕಿದ್ದರೆ ಕೋಪಿ ಇರುವಲ್ಲೆಲ್ಲ ‘ತೇ’ ಎಂದು ಹಾಕಿಕೊಳ್ಳಿ.

ನಮ್ಮ ಫಿಲ್ಟರ್ ಕಾಫಿಗೆ ಹತ್ತಿರದ ರುಚಿ ಬೇಕಿದ್ದರೆ ‘ಕೋಪಿ ಸಿ ಗಾವ್ ಸ್ಯೂ ದಾಯ್’ ಎಂದು ಒಂದೇ ಉಸಿರಿನಲ್ಲಿ ಹೇಳಿ. ಮಧುಮೇಹ ಇರುವವರು ‘ಕೋಪಿ ಸಿ ಕೊಸೊಂಗ್’ ಅನ್ನಬೇಕು. ಬರೀ ‘ನೋ ಶುಗರ್’ ಎಂದು ಕೋಪಿ ಕೇಳಿದರೆ ಮಂದ ಹಾಲಿನಲ್ಲಿರುವ ಸಕ್ಕರೆ ಹೊಟ್ಟೆಗೆ ಹೋಗಿಯೇ ಹೋಗುತ್ತದೆ. ಊರಿಂದ ಬಂದ ಹಿರಿಯರಿಗೆ ಇದನ್ನು ಮೊದಲೇ ತಿಳಿಸಿ.

ಕಾಫಿ ಜೊತೆಗೆ ಕೊಡುವ ‘ಕಾಯಾ ಟೋಸ್ಟ್’ ಹೆಸರಿನಲ್ಲಿರುವ ಕಾಯಾ ನಮ್ಮ ಕಾಯಲ್ಲ. ತೆಂಗಿನ ಹಾಲು, ಸಕ್ಕರೆ, ಮೊಟ್ಟೆ ಸೇರಿಸಿ ಕಾಸಿದ ಹಲ್ವದಂತಹ ಲೇಪ ಅದು. ಮೊಟ್ಟೆ ತಿನ್ನದವರಿಗೆ ಆಗದು.

ಹಂತ 5: ಸಸ್ಯಾಹಾರಿಗಳು ಏನು ಹುಡುಕಬೇಕು, ಏನು ಬಿಡಬೇಕು

ಇಷ್ಟು ಬರೆಯಲು ಕೂತದ್ದೇ ಈ ಹಂತಕ್ಕಾಗಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಮೊದಲ ಗುರುತು ಸ್ವಸ್ತಿಕ. ಬೌದ್ಧ ಸಸ್ಯಾಹಾರದ ಅಂಗಡಿಗಳು ಬೋರ್ಡಿನ ಮೇಲೆ ಸ್ವಸ್ತಿಕದ ಚಿಹ್ನೆ ಹಾಕುವುದುಂಟು. ನಾವು ಬರೆಯುವುದಕ್ಕೆ ಅದು ತಿರುವುಮುರುವಾಗಿರುತ್ತದೆ. ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ವೆಜಿಟೇರಿಯನ್ ಎಂದೂ ಇರುತ್ತದೆ. ಚೈನಾಟೌನ್ ಕಾಂಪ್ಲೆಕ್ಸ್, ಮ್ಯಾಕ್ಸ್‌ವೆಲ್ ಎರಡರಲ್ಲೂ ಇಂತಹ ಅಂಗಡಿಗಳಿವೆ. ಅಲ್ಲಿ ಬಾಣಲೆ, ಎಣ್ಣೆ, ಸೌಟು ಎಲ್ಲವೂ ಸಸ್ಯಾಹಾರದ್ದೇ. ಸಾಂಪ್ರದಾಯಿಕ ಚೀನೀ ಬೌದ್ಧರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಮಡಿ ಅಡುಗೆ ಉಣ್ಣುವ ಮನೆಯವರಿಗೆ ಇದಕ್ಕಿಂತ ಹತ್ತಿರದ ಅಡುಗೆ ಪರದೇಶದಲ್ಲಿ ಎಲ್ಲಿ ಸಿಕ್ಕೀತು? ಮೊಟ್ಟೆಯನ್ನು ಮಾತ್ರ ಕೆಲವರು ಬಳಸುತ್ತಾರೆ, ಅದೊಂದನ್ನು ಕೇಳಿಕೊಳ್ಳಿ.

ಮೊದಲ ಸಲಕ್ಕೆ ತೆಗೆದುಕೊಳ್ಳಬೇಕಾದದ್ದು ‘ವೆಜಿಟೇರಿಯನ್ ಬೀ ಹೂನ್’. ಬೀ ಹೂನ್ ಎಂದರೆ ಅಕ್ಕಿ ಶಾವಿಗೆ. ನಮ್ಮ ಒತ್ತು ಶಾವಿಗೆಗಿಂತ ಸಪೂರ, ಸೋಯಾ ಸಾಸಿನಲ್ಲಿ ಹುರಿದು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮೇಲೆ ಬೇಯಿಸಿದ ಎಲೆಕೋಸು, ಗರಿಗರಿಯಾಗಿ ಕರಿದ ಸೋಯಾ ಹಾಲಿನ ಕೆನೆ, ಒಂದು ಸ್ಪ್ರಿಂಗ್ ರೋಲ್, ಕೆಂಪು ಅಂಚಿನ ತುಂಡುಗಳು, ಪಕ್ಕದಲ್ಲಿ ಕೆಂಪು ಮೆಣಸಿನ ಚಟ್ನಿ. ನಾಲ್ಕು ಡಾಲರಿನ ಆಸುಪಾಸು. ಚಟ್ನಿಯನ್ನು ಶಾವಿಗೆಗೆ ಚೆನ್ನಾಗಿ ಕಲಸಿಕೊಂಡು ತಿನ್ನಿ, ಆಗಲೇ ಅದರ ರುಚಿ.

ಆ ಕೆಂಪು ಅಂಚಿನ ತುಂಡುಗಳನ್ನು ನೋಡಿ ಬೆಚ್ಚಿಬೀಳುವವರು ಬಹಳ. ನೋಡಲು ಅದು ಥೇಟ್ ಹಂದಿ ಮಾಂಸ. ಆದರೆ ಅದು ಗೋಧಿಹಿಟ್ಟನ್ನು ನೀರಿನಲ್ಲಿ ನಾದಿ ತೊಳೆದಾಗ ಉಳಿಯುವ ಅಂಟು, ಸೋಯಾ, ಅಣಬೆಗಳಿಂದ ಮಾಡಿದ್ದು. ಬಾತುಕೋಳಿ, ಮೀನಿನ ಆಕಾರದಲ್ಲೂ ಮಾಡುತ್ತಾರೆ. ಸಸ್ಯಾಹಾರದ ಅಂಗಡಿಯ ಬೋರ್ಡಿನಲ್ಲಿ ‘ಡಕ್ ರೈಸ್’ ಎಂದು ಕಂಡರೂ ಗಾಬರಿಯಾಗಬೇಡಿ. ಮನಸ್ಸು ಒಪ್ಪದಿದ್ದರೆ ಬೆರಳು ತೋರಿಸಿ ಬೇಡ ಎಂದರೆ ಬದಲಿಗೆ ತೋಫು ಅಥವಾ ಇನ್ನಷ್ಟು ಕೋಸು ಹಾಕುತ್ತಾರೆ.

ಅನ್ನವೇ ಬೇಕು ಅನ್ನುವವರಿಗೆ ಅದೇ ಸಸ್ಯಾಹಾರದ ಅಂಗಡಿಗಳಲ್ಲಿ ‘ಚಾಯ್ ಪಂಗ್’ ಇರುತ್ತದೆ. ಗಾಜಿನ ಹಿಂದೆ ಹತ್ತಿಪ್ಪತ್ತು ಟ್ರೇಗಳಲ್ಲಿ ಪಲ್ಯಗಳು. ಬಿಳಿ ಅನ್ನದ ಮೇಲೆ ಬೇಕಾದ ಎರಡು ಮೂರನ್ನು ಬೆರಳಿನಿಂದ ತೋರಿಸಿದರೆ ಹಾಕಿಕೊಡುತ್ತಾರೆ. ಎಷ್ಟು ಬಗೆ ಆರಿಸಿದಿರಿ ಎಂಬುದರ ಮೇಲೆ ದುಡ್ಡು.

ಇನ್ನೊಂದು ತಿಳಿದಿರಲಿ. ಚೀನೀ ಪಂಚಾಂಗದ ತಿಂಗಳ 1 ಮತ್ತು 15ನೇ ದಿನ, ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ, ಬೌದ್ಧರಲ್ಲಿ ಬಹಳ ಮಂದಿ ಆ ದಿನದ ಮಟ್ಟಿಗೆ ಮಾಂಸ ಬಿಡುತ್ತಾರೆ. ಆಗ ಈ ಅಂಗಡಿಗಳ ಮುಂದೆ ಉದ್ದ ಸಾಲು. ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಕಂಡರೆ ಅರ್ಧ ಗಂಟೆ ಮುಂಚೆ ಹೋಗಿ.

ಮೋಸ ಹೋಗುವ ಜಾಗಗಳು ಇವು. ಇಲ್ಲಿ ಯಾರೂ ಬೇಕೆಂದು ಮೋಸ ಮಾಡುವುದಿಲ್ಲ, ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ.

‘ಕ್ಯಾರೆಟ್ ಕೇಕ್’ನಲ್ಲಿ ಕ್ಯಾರೆಟ್ಟೂ ಇಲ್ಲ, ಕೇಕೂ ಅಲ್ಲ. ಮೂಲಂಗಿ ತುರಿ, ಅಕ್ಕಿಹಿಟ್ಟು ಕಲಸಿ ಹಬೆಯಲ್ಲಿ ಬೇಯಿಸಿ, ತುಂಡು ಮಾಡಿ, ಉಪ್ಪಿನಲ್ಲಿ ಹಾಕಿದ ಮೂಲಂಗಿ, ಮೊಟ್ಟೆಯೊಡನೆ ಹುರಿದದ್ದು. ಹುರಿಯಲು ಹಂದಿ ಕೊಬ್ಬನ್ನು ಬಳಸುವವರೂ ಇದ್ದಾರೆ.

ಚಿಕನ್ ರೈಸ್ ಅಂಗಡಿಗೆ ಹೋಗಿ “ಚಿಕನ್ ಬೇಡ, ಅನ್ನ ಮಾತ್ರ ಕೊಡಿ” ಎನ್ನಬೇಡಿ. ಆ ಅನ್ನ ಬೇಯುವುದೇ ಕೋಳಿಯ ಕೊಬ್ಬು ಮತ್ತು ಸಾರಿನಲ್ಲಿ.

ಸೊಪ್ಪಿನ ಪಲ್ಯ ಎಂದು ಕೊಡುವ ‘ಕಾಯ್ ಲಾನ್’ ಮೇಲೆ ಹೊಳೆಯುವ ಕಂದು ಸಾಸ್ ಬಹುತೇಕ ಸಿಂಪಿಯದ್ದು. ಹಣ್ಣು ತರಕಾರಿಯ ‘ರೋಜಾಕ್’ಗೆ ಕಲಸುವ ಕಪ್ಪು ಲೇಪ ಸಿಗಡಿಯದ್ದು. ‘ಸಾಂಬಾಲ್’ ನಮ್ಮ ಸಾಂಬಾರಲ್ಲ. ಅದು ಮೆಣಸಿನಕಾಯಿ ಚಟ್ನಿ, ಅದರಲ್ಲಿ ಸಾಮಾನ್ಯವಾಗಿ ಹುದುಗಿಸಿದ ಸಿಗಡಿಯ ‘ಬೆಲಚಾನ್’ ಇರುತ್ತದೆ. ಮಾಂಸಾಹಾರದ ಅಂಗಡಿಯಲ್ಲಿ “ನೋ ಮೀಟ್” ಎಂದು ಹೇಳಿ ನೂಡಲ್ಸ್ ಮಾಡಿಸಿಕೊಂಡರೆ ತುಂಡು ಹೋಗುತ್ತದೆ, ಸಾರು ಉಳಿಯುತ್ತದೆ. ಹಾಗಾಗಿ ಬರೀ ಸಸ್ಯಾಹಾರದ ಅಂಗಡಿಗಳಿಗೆ ಮಾತ್ರ ಹೋಗಿ ಎಂಬುದು ನನ್ನ ಖಚಿತ ಸಲಹೆ.

ಈ ಮೂರು ಮಾತು ಬಾಯಿಪಾಠ ಮಾಡಿಕೊಳ್ಳಿ. ‘ವೊ ಚಿ ಸು’: ನಾನು ಸಸ್ಯಾಹಾರಿ. ‘ಬೂ ಯಾವ್ ದಾನ್’: ಮೊಟ್ಟೆ ಬೇಡ. ‘ಶ್ಯೆ ಶ್ಯೆ’: ಧನ್ಯವಾದ. ಉಚ್ಚಾರ ಸರಿಯಿಲ್ಲದಿದ್ದರೂ ನೀವು ಪ್ರಯತ್ನಪಟ್ಟದ್ದು ಆಂಟಿಗೆ ತಿಳಿಯುತ್ತದೆ, ಮುಖ ಸಡಿಲವಾಗುತ್ತದೆ.

ಹಂತ 6: ಮಾಂಸ ತಿನ್ನುವವರಿಗೆ

ನಿಮಗೆ ಹೆಚ್ಚು ಹೇಳಬೇಕಾದ್ದಿಲ್ಲ. ಶುರುವಿಗೆ ಹೈನಾನೀಸ್ ಚಿಕನ್ ರೈಸ್: ಮಂದ ಉರಿಯಲ್ಲಿ ನೀರಿನಲ್ಲೇ ಬೇಯಿಸಿದ ಕೋಳಿ, ಮೇಲೆ ಹೇಳಿದ ಅನ್ನ, ಶುಂಠಿ ಮತ್ತು ಮೆಣಸಿನ ಚಟ್ನಿ. ಬೆಳ್ಳಗೆ ಕಂಡಿತೆಂದು ಹಿಂಜರಿಯಬೇಡಿ, ರುಚಿಯೆಲ್ಲ ಆ ಚಟ್ನಿಯಲ್ಲಿದೆ. 2016ರಲ್ಲಿ ಚೈನಾಟೌನ್ ಕಾಂಪ್ಲೆಕ್ಸಿನ ಸೋಯಾ ಸಾಸ್ ಚಿಕನ್ ಅಂಗಡಿಯೊಂದಕ್ಕೆ ಮಿಶೆಲಿನ್ ನಕ್ಷತ್ರ, ಅಂದರೆ ದೊಡ್ಡ ಹೋಟೆಲುಗಳೂ ಹಂಬಲಿಸುವ ಪ್ರಶಸ್ತಿ, ಸಿಕ್ಕಿದಾಗ ಲೋಕವೆಲ್ಲ ಸಾಲು ನಿಂತಿತು. ನನ್ನನ್ನು ಕೇಳಿದರೆ ಪ್ರಶಸ್ತಿಯ ಬೋರ್ಡಿಗಿಂತ ಸಾಲಿನಲ್ಲಿ ನಿಂತವರನ್ನು ನೋಡಿ. ಚಪ್ಪಲಿ ಮೆಟ್ಟಿಕೊಂಡು, ಕೈಯಲ್ಲಿ ತರಕಾರಿ ಚೀಲ ಹಿಡಿದ ಅಜ್ಜಿಯರು ಹೆಚ್ಚಿದ್ದರೆ ಅಲ್ಲಿಯೇ ನಿಂತುಬಿಡಿ.

ಇದ್ದಿಲ ಒಲೆಯ ಮೇಲೆ ಮಣ್ಣಿನ ಮಡಕೆಯಲ್ಲಿ ಬೇಯುವ ‘ಕ್ಲೇಪಾಟ್ ರೈಸ್’ ಬೇಕಿದ್ದರೆ ಅರ್ಧ ಗಂಟೆಗೂ ಹೆಚ್ಚು ಕಾಯುವ ಮನಸ್ಸಿರಲಿ. ಹಂದಿ, ದನ ತಿನ್ನದವರು ಪ್ರತಿ ಅಂಗಡಿಯಲ್ಲೂ ಕೇಳಲೇಬೇಕು. ಸಾಲುಸಾಲು ಅಂಗಡಿಗಳಲ್ಲಿ ಹಾಳೆಯಂತೆ ತೆಳ್ಳಗೆ, ಕೆಂಪಗೆ ಹೊಳೆಯುವ ‘ಬಕ್ ಕ್ವಾ’ ಹಂದಿಯ ಒಣ ಮಾಂಸ. ರುಚಿ ನೋಡಿ ಎಂದು ತುಂಡು ಕೈಗಿಡುತ್ತಾರೆ, ಏನೆಂದು ತಿಳಿದು ಬಾಯಿಗೆ ಹಾಕಿ. ದೊಡ್ಡ ಹೋಟೆಲುಗಳಲ್ಲಿ ಏಡಿ, ಮೀನಿನ ಮುಂದೆ ಬೆಲೆ ಬರೆಯದೆ ‘ಸೀಸನಲ್ ಪ್ರೈಸ್’ ಎಂದಿದ್ದರೆ ಕೆಜಿಗೆ ಎಷ್ಟು, ಇದು ಎಷ್ಟು ತೂಗುತ್ತದೆ ಎಂದು ಮೊದಲೇ ಕೇಳಿ. ಮೆನುವಿನ ಬೆಲೆಯ ಮುಂದೆ ಎರಡು ಪ್ಲಸ್ ಚಿಹ್ನೆಗಳಿದ್ದರೆ 10 ಶೇಕಡಾ ಸೇವಾಶುಲ್ಕ, 9 ಶೇಕಡಾ ತೆರಿಗೆ ಬೇರೆ ಎಂದರ್ಥ. ಹಾಕರ್ ಸೆಂಟರಿನಲ್ಲಿ ಈ ತಲೆಬಿಸಿ ಇಲ್ಲ, ಬರೆದಷ್ಟೇ ಬೆಲೆ.

ಹಂತ 7: ಉಂಡ ಮೇಲೆ ಬೀದಿ ಸುತ್ತಿ

ಸೌತ್ ಬ್ರಿಡ್ಜ್ ರೋಡಿನಿಂದ ಶುರು ಮಾಡಿ. ಜಾಮಿಯಾ ಚೂಲಿಯಾ ಮಸೀದಿ ತಮಿಳು ಮುಸ್ಲಿಮರು 1826ರಲ್ಲಿ ಸ್ಥಾಪಿಸಿಕೊಂಡದ್ದು. ಅದರಿಂದ ಕೂಗಳತೆಯಲ್ಲಿ, 1827ರಲ್ಲಿ ನಾರಾಯಣ ಪಿಳ್ಳೈ ಸ್ಥಾಪಿಸಿದ ಶ್ರೀ ಮಾರಿಯಮ್ಮನ ಗುಡಿ, ಸಿಂಗಪುರದ ಅತ್ಯಂತ ಹಳೆಯ ಹಿಂದೂ ದೇವಸ್ಥಾನ. ‘ಪಗೋಡ ಸ್ಟ್ರೀಟ್’ ಎಂಬ ಹೆಸರು ಬಂದದ್ದು ಯಾವ ಚೀನೀ ಗೋಪುರದಿಂದಲೂ ಅಲ್ಲ, ಈ ಅಮ್ಮನ ಗುಡಿಯ ಗೋಪುರದಿಂದ. ದೀಪಾವಳಿಗೆ ಒಂದು ವಾರ ಮುಂಚೆ ಇಲ್ಲಿ ಕೆಂಡ ಹಾಯುತ್ತಾರೆ. ಗುಡಿ ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆರೆಯುವುದರಿಂದ ದರ್ಶನವನ್ನು ಬೆಳಗ್ಗೆ, ತಿಂಡಿಗೆ ಮೊದಲೇ ಮುಗಿಸುವುದು ಒಳ್ಳೆಯದು.

ಅದೇ ರಸ್ತೆಯ ಮುಂದಕ್ಕೆ ಕೆಂಪು ಕಂಬಗಳ ಬುದ್ಧನ ದಂತಧಾತು ಗುಡಿ, 2007ರಲ್ಲಿ ತೆರೆದದ್ದು. ಒಳಗೆ ಹೋಗಲು ದುಡ್ಡಿಲ್ಲ. ಲಿಫ್ಟಿನಲ್ಲಿ ತಾರಸಿಗೆ ಹೋಗಿ, ಹೂತೋಟದ ನಡುವಿನ ದೊಡ್ಡ ಪ್ರಾರ್ಥನಾ ಚಕ್ರ ನೋಡಿ ಬನ್ನಿ. ಸಂಜೆ ಐದರ ಹೊತ್ತಿಗೆ ಬಾಗಿಲು ಹಾಕುತ್ತಾರೆ.

ಗುಡಿಯ ಪಕ್ಕದ ಬೀದಿ ಸಾಗೊ ಸ್ಟ್ರೀಟ್. ಸಾಗೊ ಎಂದರೆ ಸಬ್ಬಕ್ಕಿ. 19ನೇ ಶತಮಾನದಲ್ಲಿ ಇಲ್ಲಿ ಸಬ್ಬಕ್ಕಿಯ ಕಾರ್ಖಾನೆಗಳಿದ್ದವು. ನಮ್ಮದು ಮರಗೆಣಸಿನ ಹಿಟ್ಟಿನದು, ಅದು ಸಾಗೊ ಎಂಬ ತಾಳೆಮರದ ತಿರುಳಿನದು. ಪಕ್ಕದ ಸಾಗೊ ಲೇನಿನಲ್ಲಿ ‘ಸಾವಿನ ಮನೆ’ಗಳಿದ್ದವು. ಚೀನಾದಿಂದ ಕೂಲಿಗೆ ಬಂದು, ಗೂಡಿನಂತಹ ಕೋಣೆಗಳಲ್ಲಿ ಬದುಕಿದ ಒಂಟಿ ಜನ ಕೊನೆಗಾಲದಲ್ಲಿ ಇಲ್ಲಿಗೆ ಬಂದು ಮಲಗುತ್ತಿದ್ದರು. ಹತ್ತಾರು ಮಂದಿ ಹಂಚಿಕೊಂಡ ಮನೆಯಲ್ಲಿ ಸತ್ತರೆ ಉಳಿದವರಿಗೆ ಅಶುಭವೆಂದು. 1961ರಲ್ಲಿ ಇವನ್ನು ನಿಷೇಧಿಸಿದರು. ಬಣ್ಣ ಬಳಿದ ಕಿಟಕಿಗಳ ಮುಂದೆ ಫೋಟೊಗೆ ನಿಲ್ಲುವಾಗ ಈ ಬೀದಿಯಲ್ಲಿ ಯಾರು ಬದುಕಿದ್ದರು ಎಂಬುದೂ ನೆನಪಿರಲಿ ಎಂದೇ ಇದನ್ನು ಬರೆದೆ. ಕೆಂಪು ತಲೆವಸ್ತ್ರ ಕಟ್ಟಿ ಗಾರೆ ಕೆಲಸ ಮಾಡಿದ ಸಂಸುಯಿ ಹೆಂಗಸರೂ ಇದೇ ಕೇರಿಯಲ್ಲಿ ಬಾಡಿಗೆಗಿದ್ದವರು. ಸ್ಮಿತ್ ಸ್ಟ್ರೀಟ್, ಮೊಹಮ್ಮದ್ ಅಲಿ ಲೇನ್‌ಗಳ ಗೋಡೆಗಳಲ್ಲಿ ಈ ಹಳೆಯ ದಿನಗಳನ್ನು ಚಿತ್ರಕಾರ ಯಿಪ್ ಯೂ ಚಾಂಗ್ ಬರೆದಿದ್ದಾರೆ, ಹುಡುಕಿಕೊಂಡು ಹೋಗಿ ನೋಡುವಂಥವು.

ನಡೆಯುವಾಗ ಅಂಗಡಿಮನೆಗಳ ಮುಂದಿನ ಜಗಲಿಯಂತಹ ದಾರಿಯಲ್ಲೇ ನಡೆಯಿರಿ. ಇದನ್ನು ‘ಫೈವ್ ಫುಟ್ ವೇ’, ಐದಡಿ ದಾರಿ ಎನ್ನುತ್ತಾರೆ. ಬಿಸಿಲು ಮಳೆಗೆ ನೆರಳಾಗಲೆಂದು ರಾಫಲ್ಸ್ ಕಾಲದ ನಿಯಮದಿಂದಲೇ ಬಂದ ಪದ್ಧತಿ. ಒಂದೊಂದು ಅಂಗಡಿಯ ಮುಂದೆ ನೆಲದ ಮಟ್ಟ ಒಂದೊಂದು ತರ. ಮೇಲಿನ ಹೆಂಚು, ಕಿಟಕಿ ನೋಡುತ್ತ ಎಡವಿ ಬೀಳುವವರಿದ್ದಾರೆ, ವಯಸ್ಸಾದವರ ಕೈ ಹಿಡಿದುಕೊಳ್ಳಿ.

ಆಗಸ್ಟ್, ಸೆಪ್ಟೆಂಬರ್ ಸುಮಾರಿಗೆ ಬಂದರೆ ರಸ್ತೆಯ ಅಂಚಿನಲ್ಲಿ ಊದುಬತ್ತಿ, ಹಣ್ಣು, ಅನ್ನ ಇಟ್ಟಿರುವುದು, ಕಾಗದದ ನೋಟು ಸುಡುವುದು ಕಾಣುತ್ತದೆ. ಅದು ಅವರ ಪಿತೃಗಳ ತಿಂಗಳು, ನಮ್ಮ ಪಿತೃಪಕ್ಷದಂತೆಯೇ. ಎಡೆಯನ್ನು ದಾಟಬೇಡಿ, ತುಳಿಯಬೇಡಿ, ಹತ್ತಿರ ಬಗ್ಗಿ ಫೋಟೊ ತೆಗೆಯಬೇಡಿ. ಊಟದ ಮೇಜಿನಲ್ಲೂ ಇದಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆಯಿದೆ: ಚಾಪ್‌ಸ್ಟಿಕ್‌ಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ಇಡಬಾರದು. ಸತ್ತವರಿಗೆ ಎಡೆ ಇಟ್ಟು ಊದುಬತ್ತಿ ಹಚ್ಚಿದಂತೆ ಅದು ಕಾಣುತ್ತದೆ. ಅಡ್ಡಲಾಗಿ ಬಟ್ಟಲ ಮೇಲಿಡಿ.

ಹಂತ 8: ಸಂಜೆಗೆ ಖಾರ, ಸಿಹಿ

ಖಾರ ಇಷ್ಟಪಡುವವರು ನ್ಯೂ ಬ್ರಿಡ್ಜ್ ರೋಡ್ ದಾಟಿ ಪೀಪಲ್ಸ್ ಪಾರ್ಕ್ ಕಡೆಗೆ ಹೋಗಿ. ಚೀನಾದ ಸಿಚುವಾನ್ ಕಡೆಯ ‘ಮಾಲಾ’ ಅಡುಗೆ ಅಲ್ಲಿ ಸಿಗುತ್ತದೆ. ಮಾ ಎಂದರೆ ಜೋಮು, ಲಾ ಎಂದರೆ ಖಾರ. ನಾಲಿಗೆ ಜುಮ್ಮೆನ್ನಿಸುವ ಆ ಕಾಳು ನಮ್ಮ ಕರಾವಳಿಯವರು ಮೀನಿನ ಸಾರಿಗೆ ಹಾಕುವ ಜುಮ್ಮನಕಾಯಿಯ ಹತ್ತಿರದ ಬಂಧು. ಬೇಕಾದ ತರಕಾರಿ, ಅಣಬೆ, ನೂಡಲ್ಸನ್ನು ಬೋಗುಣಿಗೆ ನೀವೇ ಹಾಕಿಕೊಂಡು ತೂಕ ಮಾಡಿಸಬೇಕು. ಎಲೆಕೋಸು ಹಗುರ, ಆಲೂಗಡ್ಡೆ, ತಾವರೆ ಬೇರು ಭಾರ. ಕಣ್ಣಳತೆ ತಪ್ಪಿದರೆ ಬಿಲ್ಲು 15 ಡಾಲರ್ ದಾಟುತ್ತದೆ. ಮೊದಲ ಸಲ ‘ಲಿಟಲ್ ಸ್ಪೈಸಿ’ ಎಂದೇ ಹೇಳಿ. ಬಾಣಲೆ ಮಾಂಸಕ್ಕೂ ತರಕಾರಿಗೂ ಒಂದೇ ಆದ್ದರಿಂದ ಕಟ್ಟುನಿಟ್ಟಿನ ಸಸ್ಯಾಹಾರಿಗಳು ಇದನ್ನು ಬಿಡುವುದು ಒಳ್ಳೆಯದು.

ಸಿಹಿಯಲ್ಲಿ ‘ತಾವ್ ಹುವೇ’ ಎಲ್ಲರಿಗೂ ಆಗುತ್ತದೆ. ಸೋಯಾ ಹಾಲನ್ನು ಗಿಣ್ಣಿನಂತೆ ಗಟ್ಟಿಯಾಗಿಸಿ, ತೆಳ್ಳನೆ ಪದರ ಪದರವಾಗಿ ಬಟ್ಟಲಿಗೆ ಹಾಕಿ, ಸಕ್ಕರೆ ಪಾಕ ಹುಯ್ದು ಬಿಸಿಯಾಗಿ ಕೊಡುತ್ತಾರೆ. ಕರಿ ಎಳ್ಳು ಅರೆದು ಕಾಸಿದ ಗಂಜಿ, ಕಡಲೆಕಾಯಿ ಹೂರಣದ ಅಕ್ಕಿಹಿಟ್ಟಿನ ಉಂಡೆ ‘ತಾಂಗ್ ಯುವಾನ್’ ಕೂಡ ನಮ್ಮ ನಾಲಿಗೆಗೆ ಒಗ್ಗುವಂಥವು. ಎಳ್ಳಿನ ಗಂಜಿಯನ್ನು ಮೊದಲ ಚಮಚ ಬಾಯಿಗಿಟ್ಟಾಗ ಸಂಕ್ರಾಂತಿ ನೆನಪಾಗದಿದ್ದರೆ ಕೇಳಿ.

ಕೊನೆಗೆ ಡುರಿಯನ್. ಹೊರಗೆ ಹಲಸಿನಂತೆ ಮುಳ್ಳು, ಒಳಗೆ ಬೆಣ್ಣೆಯಂತಹ ತೊಳೆ, ವಾಸನೆ ಮಾತ್ರ ಬೀದಿಯ ತುದಿಗೇ ತಿಳಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮುಖ್ಯ ಸುಗ್ಗಿ, ಆಗ ಬೆಲೆ ಇಳಿಯುತ್ತದೆ. ತೂಗುವುದು ಸಿಪ್ಪೆ ಸಮೇತ. ಕೆಜಿಗೆ ಎಷ್ಟು, ಈ ಹಣ್ಣು ಒಟ್ಟು ಎಷ್ಟಾಗುತ್ತದೆ ಎಂದು ಕೇಳಿ ಒಪ್ಪಿದ ಮೇಲೆಯೇ ಒಡೆಯಲು ಹೇಳಿ. ಒಡೆದ ಮೇಲೆ ಚೌಕಾಸಿ ನಡೆಯದು. ಮೊದಲ ಸಲ ನೋಡುವವರು ಇಡೀ ಹಣ್ಣಿನ ಬದಲು ಬಿಡಿಸಿಟ್ಟ ಚಿಕ್ಕ ಪೆಟ್ಟಿಗೆ ಕೊಳ್ಳಿ. ಮೆಟ್ರೊದಲ್ಲಿ ಡುರಿಯನ್ ಒಯ್ಯುವಂತಿಲ್ಲ, ಹೋಟೆಲ್ ರೂಮುಗಳಲ್ಲೂ ಸೇರಿಸುವುದಿಲ್ಲ, ಆದ್ದರಿಂದ ಅಲ್ಲೇ ನಿಂತು ತಿಂದು ಮುಗಿಸಬೇಕು. ಕೈ ತೊಳೆದುಕೊಂಡು ಕಾಂಪ್ಲೆಕ್ಸ್ ಪಕ್ಕದ ಕ್ರೇತಾ ಆಯರ್ ಚೌಕಕ್ಕೆ ಬನ್ನಿ. ಸಂಜೆ ಅಲ್ಲಿ ವಯಸ್ಸಾದ ಗಂಡಸರು ಚೀನೀ ಚದುರಂಗ ಆಡುತ್ತ ಕೂತಿರುತ್ತಾರೆ, ಸುತ್ತ ನಿಂತವರು ಆಡುವವರಿಗಿಂತ ಜೋರಾಗಿ ನಡೆ ಹೇಳಿಕೊಡುತ್ತಿರುತ್ತಾರೆ. ಫೋಟೊ ಬೇಕಿದ್ದರೆ ಕೇಳಿ ತೆಗೆಯಿರಿ. ಸುಮ್ಮನೆ ನಿಂತು ನೋಡುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ; ಕಟ್ಟೆಯ ಮೇಲೆ ಸರಿದು ಜಾಗ ಮಾಡಿಕೊಡುವುದೂ ಉಂಟು.